ಬೇಕಲದ ಕೋಟೆ, ತಲಪಾಡಿಯ ಗಡಿ
(ಹೌನ್ಸ್ಲೋದ ಕನ್ನಡ ಬಂಧುಗಳ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇತಿಹಾಸವು ನಮ್ಮ ವೃತ್ತಿಯಲ್ಲ. ನಾವು ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ತರಬೇತಿ ಪಡೆದು, ಇಲ್ಲಿಯೇ ರೋಗಿಗಳ ನಾಡಿ ಹಿಡಿಯುತ್ತ ಕೂದಲು ನರೆಸಿಕೊಂಡವರು. ಆದರೂ ಪೂರ್ವವೃತ್ತಾಂತವನ್ನು ವಿಚಾರಿಸದೆ ಔಷಧಿ ಬರೆಯಬಾರದೆಂಬುದು ನಮಗೆ ಗುರುಗಳು ಕಲಿಸಿದ ಮೊದಲ ಪಾಠ. ಆ ಅಭ್ಯಾಸಬಲದಿಂದಲೇ ಇಂದಿನ ವಿಷಯವನ್ನು ಆರಿಸಿಕೊಂಡಿದ್ದೇವೆ. ಪರಸ್ಥಳದವರನ್ನು ಗಡಿ ದಾಟಿ ಬನ್ನಿರೆಂದು ಕರೆಯುವ ಪ್ರವಾಸ ಮೇಳಗಳು ಹೇಗೆ ಹುಟ್ಟಿದವು? ಆ ಮೇಳಗಳಲ್ಲಿ ನಮ್ಮ ನಾಡು ಹೇಗೆ ಕಾಣಿಸಿಕೊಂಡಿದೆ? ಪ್ರವಾಸಿಗಾಗಿ ಸದಾ ತೆರೆದಿರುವ ಒಂದು ಗಡಿಯು ರೋಗಿಯ ಎದುರಿಗೆ ಹೇಗೆ ಮುಚ್ಚಿಕೊಂಡಿತು? ಈ ಮೂರು ಪ್ರಶ್ನೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಪ್ರಯತ್ನವಿದು.

ಮೇಳಗಳ ಮೂಲ

ನಮ್ಮವರಿಗೆ ಮೇಳವೆಂಬುದು ಹೊಸತಲ್ಲ. ಜಾತ್ರೆ, ಪರಿಷೆ, ತೇರುಗಳೇ ನಮ್ಮ ಪೂರ್ವಿಕರ ಪ್ರವಾಸೋದ್ಯಮ. ಕನ್ನಡಿಗರು ಪಂಢರಪುರಕ್ಕೂ ಶ್ರೀಶೈಲಕ್ಕೂ ಶಬರಿಮಲೆಗೂ ನಡೆದರು. ಮಲೆಯಾಳದವರು ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಇಂದಿಗೂ ತಂಡತಂಡವಾಗಿ ಬರುತ್ತಾರೆ. ಈ ಯಾತ್ರೆಗಳಿಗೆ ಭಾಷೆ ಅಡ್ಡಬರಲಿಲ್ಲ. ಹಾದಿಯಲ್ಲಿ ಸುಂಕದವನೊಬ್ಬನಿರುತ್ತಿದ್ದನು, ಅಷ್ಟೆ. ಅವನ ನೆನಪು ‘ಸುಂಕದಕಟ್ಟೆ’ ಎಂಬ ಊರ ಹೆಸರುಗಳಲ್ಲಿ ಉಳಿದಿದೆ.

ಆಧುನಿಕ ಅರ್ಥದ ಪ್ರದರ್ಶನ ಮೇಳಕ್ಕೆ ಮಾದರಿ ಹಾಕಿಕೊಟ್ಟದ್ದು ಈ ಲಂಡನ್ ನಗರವೇ. 1851ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನವನ್ನು ಸುಮಾರು 60 ಲಕ್ಷ ಜನ ನೋಡಿದರು. ಈಸ್ಟ್ ಇಂಡಿಯಾ ಕಂಪನಿಯ ಮಳಿಗೆಯಲ್ಲಿ ನಮ್ಮ ದೇಶದ ವಸ್ತ್ರ, ದಂತ, ಆಭರಣಗಳನ್ನು ಜೋಡಿಸಿದ್ದರು. ಹತ್ತು ವರ್ಷ ಮೊದಲು, 1841ರಲ್ಲಿ, ಲೆಸ್ಟರಿನಿಂದ ಲಫ್ಬರೊಗೆ ಮದ್ಯವಿರೋಧಿ ಸಭೆಗೆಂದು ರೈಲಿನಲ್ಲಿ ಜನರನ್ನು ಕರೆದೊಯ್ದಿದ್ದ ಥಾಮಸ್ ಕುಕ್, ಈ ಪ್ರದರ್ಶನಕ್ಕೆ ಒಂದೂವರೆ ಲಕ್ಷದಷ್ಟು ಸಾಮಾನ್ಯ ಜನರನ್ನು ಕಡಿಮೆ ದರದಲ್ಲಿ ಕರೆತಂದನು. ಪ್ರದರ್ಶನವೂ ಪ್ರವಾಸವೂ ಕೈಹಿಡಿದದ್ದು ಅಲ್ಲಿ.

1886ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ವಸಾಹತುಗಳ ಹಾಗೂ ಇಂಡಿಯಾದ ಪ್ರದರ್ಶನ ನಡೆಯಿತು. ಅಲ್ಲಿ ವಸ್ತುಗಳೊಡನೆ ಮನುಷ್ಯರನ್ನೂ ಪ್ರದರ್ಶಿಸಿದರು. ನೇಕಾರರು, ಕುಂಬಾರರು, ಬಡಗಿಗಳು ಪ್ರೇಕ್ಷಕರೆದುರಿಗೆ ಕುಳಿತು ದಿನವಿಡೀ ಕೆಲಸ ಮಾಡಿದರು. ಪರಂಪರೆಯಿಂದ ಬಂದ ಹಳ್ಳಿಯ ಕುಶಲಿಗಳೆಂದು ಲಂಡನ್ನಿನ ಜನ ಮೆಚ್ಚಿಕೊಂಡ ಆ ಕೆಲಸಗಾರರಲ್ಲಿ ಬಹುಮಂದಿ ಆಗ್ರಾ ಸೆರೆಮನೆಯಲ್ಲಿ ಕಸುಬು ಕಲಿತ ಕೈದಿಗಳಾಗಿದ್ದರು! ಮಳಿಗೆ ತೋರಿಸುವ ಚಿತ್ರಕ್ಕೂ ಅದರ ಹಿಂದಿನ ಬದುಕಿಗೂ ಇರುವ ಅಂತರವನ್ನು ಈ ಒಂದು ಸಂಗತಿಯೇ ತಿಳಿಸುತ್ತದೆ. ಅದೇ ದಶಕದಲ್ಲಿ ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ದಸರಾ ವಸ್ತುಪ್ರದರ್ಶನವನ್ನು ಆರಂಭಿಸಿದರು. ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಅಪ್ಪನ ಕೈಹಿಡಿದು ಹಪ್ಪಳ, ಚುರುಮುರಿ ತಿನ್ನುತ್ತ ಸುತ್ತಿದ ದಸರಾ ಪ್ರದರ್ಶನದ ಮೂಲ ಅದು.

ಹೌನ್ಸ್ಲೋದ ಬಯಲು

ನಾವೀಗ ಕುಳಿತಿರುವ ಹೌನ್ಸ್ಲೋವಿಗೂ ಗಡಿ ದಾಟುವ ಕಥೆಗೂ ಹಳೆಯ ನಂಟಿದೆ. ಲಂಡನ್ನಿನಿಂದ ಬಾತ್ ನಗರಕ್ಕೆ ಹೋಗುವ ಕುದುರೆಗಾಡಿಗಳು ಇಲ್ಲಿ ನಿಂತು ಕುದುರೆ ಬದಲಿಸುತ್ತಿದ್ದವು. ಊರಾಚೆಯ ಹೌನ್ಸ್ಲೋ ಹೀತ್ ಎಂಬ ಬಯಲು ದಾರಿಗಳ್ಳರಿಗೆ ಹೆಸರಾಗಿತ್ತು. ಅದೇ ಬಯಲಿನಲ್ಲಿ 1784ರಲ್ಲಿ ಜನರಲ್ ವಿಲಿಯಂ ರಾಯ್ ಎಂಬಾತನು ಗಾಜಿನ ಕೊಳವೆಗಳನ್ನು ಸಾಲಾಗಿ ಇರಿಸಿ ಒಂದು ನೇರ ರೇಖೆಯನ್ನು ಅಳೆದನು. ಅದರ ಉದ್ದ 27,404 ಅಡಿ. ಗ್ರೀನಿಚ್ ಹಾಗೂ ಪ್ಯಾರಿಸ್ ವೀಕ್ಷಣಾಲಯಗಳ ನಡುವಿನ ಅಂತರವನ್ನು ನಿಖರವಾಗಿ ತಿಳಿಯಬೇಕೆಂದು ಫ್ರಾನ್ಸಿನ ವಿದ್ವಾಂಸರು ಮಾಡಿದ ಸೂಚನೆಯೇ ಇದಕ್ಕೆ ಕಾರಣ. ಮೇಲಿಂದ ಮೇಲೆ ಯುದ್ಧ ಮಾಡುತ್ತಿದ್ದ ಎರಡು ದೇಶಗಳು ಕಡಲಿನ ಆಚೀಚೆ ನಿಂತು ಒಂದೇ ಅಳತೆಗೆ ಒಪ್ಪಿಕೊಂಡವು. ಆ ರೇಖೆಯ ಎರಡು ತುದಿಗಳಲ್ಲಿ ನೆಲದಲ್ಲಿ ಹುಗಿದ ಫಿರಂಗಿಗಳು ಇಂದಿಗೂ ಇವೆ; ಒಂದು ಹ್ಯಾಂಪ್ಟನ್ನಿನಲ್ಲಿ, ಇನ್ನೊಂದು ಹೀಥ್ರೂ ವಿಮಾನ ನಿಲ್ದಾಣದ ಉತ್ತರದ ಅಂಚಿನ ರಸ್ತೆಯ ಬಳಿ.

ಹದಿನಾರು ವರ್ಷಗಳ ತರುವಾಯ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಇಂತಹದೇ ಒಂದು ರೇಖೆಯನ್ನು ಬೆಂಗಳೂರಿನಲ್ಲಿ ಅಳೆದನು. ಅದು ಅಗರದ ಕಡೆಯಿಂದ ಬಾಣಸವಾಡಿಯ ಕಡೆಗೆ, ಸುಮಾರು ಏಳೂವರೆ ಮೈಲಿ. ಅವನು ಬಳಸಿದ ಉಕ್ಕಿನ ಸರಪಣಿಯ ಕಥೆ ಸ್ವಾರಸ್ಯಕರವಾಗಿದೆ. ಅದನ್ನು ಬ್ರಿಟಿಷ್ ರಾಯಭಾರಿಗಳು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದರು. ಅಲ್ಲಿ ಸ್ವೀಕೃತವಾಗದೆ ಹಿಂದಿರುಗಿ ಕಲ್ಕತ್ತೆಯ ಮೂಲಕ ಬೆಂಗಳೂರಿಗೆ ಬಂದಿತು. ಅನಂತರ ಲ್ಯಾಂಬ್ಟನ್ ಮದರಾಸಿನಿಂದ ಮಂಗಳೂರಿನ ಕಡಲತೀರದವರೆಗೆ ತ್ರಿಕೋನಗಳನ್ನು ಹೆಣೆದು, ಪರ್ಯಾಯದ್ವೀಪದ ಅಗಲವು ಹಳೆಯ ನಕಾಶೆಗಳಲ್ಲಿ ತೋರಿಸಿದುದಕ್ಕಿಂತ 40 ಮೈಲಿ ಕಡಿಮೆಯೆಂದು ಸಿದ್ಧಪಡಿಸಿದನು. ಹೌನ್ಸ್ಲೋದಲ್ಲಿ ಕಲಿತ ವಿದ್ಯೆ ಹೀಗೆ ನಮ್ಮ ಕರಾವಳಿಯನ್ನು ಮುಟ್ಟಿತು. ನಕಾಶೆಯು ನಿಖರವಾದಷ್ಟೂ ಗಡಿಗೆರೆಯೂ ನಿಖರವಾಗುತ್ತದೆಂಬುದನ್ನು ಮರೆಯಲಾಗದು.

1919ರ ಆಗಸ್ಟ್ 25ರಂದು ಇದೇ ಹೀತ್ ಬಯಲಿನಿಂದ ಪ್ಯಾರಿಸ್ಸಿಗೆ ಪ್ರತಿದಿನದ ಅಂತರರಾಷ್ಟ್ರೀಯ ವಿಮಾನ ಸಂಚಾರ ಆರಂಭವಾಯಿತು. ಮೊದಲ ವಿಮಾನದಲ್ಲಿ ಪ್ರಯಾಣಿಕ ಒಬ್ಬನೇ. ಜೊತೆಗೆ ವೃತ್ತಪತ್ರಿಕೆಗಳು, ಚರ್ಮ, ಡೆವನ್ನಿನ ಕೆನೆ ಮತ್ತು ಬೇಟೆಯ ಹಕ್ಕಿಗಳು. ಸುಂಕದ ಅಧಿಕಾರಿಗಳೂ ಅಲ್ಲಿಗೆ ಬಂದು ಕುಳಿತರು. ಕಡಲು ದಾಟುವ ಗಡಿಯೊಂದು ಬಯಲಿನ ನಡುವೆ ಬಂದಿಳಿದಂತಾಯಿತು. 1946ರಲ್ಲಿ ನೆರೆಯ ಹೀಥ್ರೂ ನಾಗರಿಕ ವಿಮಾನಗಳಿಗೆ ತೆರೆದ ಮೇಲೆ ಉಳಿದದ್ದು ನಿಮಗೆಲ್ಲರಿಗೂ ಸ್ವಾನುಭವದ ವಿಷಯ.

ಮೇಳದಲ್ಲಿ ಕಂಡ ಕೋಟೆ

ಪ್ರವಾಸವನ್ನೇ ಸರಕಾಗಿಸಿಕೊಂಡ ಬೃಹತ್ ಮೇಳವೊಂದು, ಅಂದರೆ ವರ್ಲ್ಡ್ ಟ್ರಾವೆಲ್ ಮಾರ್ಕೆಟ್, 1980ರಲ್ಲಿ ಲಂಡನ್ನಿನ ಒಲಿಂಪಿಯಾ ಭವನದಲ್ಲಿ ಆರಂಭವಾಯಿತು. 1990ರ ದಶಕದಲ್ಲಿ ಅರ್ಲ್ಸ್ ಕೋರ್ಟಿಗೂ 2002ರಲ್ಲಿ ಪೂರ್ವ ಲಂಡನ್ನಿನ ಎಕ್ಸೆಲ್ ಭವನಕ್ಕೂ ಅದು ಸ್ಥಳಾಂತರಗೊಂಡಿತು. ಇದು ವ್ಯಾಪಾರಸ್ಥರ ಮೇಳ. ಪ್ರವಾಸ ಸಂಸ್ಥೆ ನಡೆಸುವ ಪರಿಚಿತರೊಬ್ಬರ ಕೃಪೆಯಿಂದ ನಾವೂ ಒಮ್ಮೆ ಒಳಹೊಕ್ಕೆವು. ನೂರಾರು ಮಳಿಗೆಗಳು, ಒಂದೊಂದರಲ್ಲಿಯೂ ಒಂದು ದೇಶ! ಹಂಪೆಯ ಕಲ್ಲಿನ ರಥವನ್ನೂ ಮೈಸೂರಿನ ಅರಮನೆಯ ದೀಪಾಲಂಕಾರವನ್ನೂ ಚಿತ್ರಗಳಲ್ಲಿ ನೋಡಿ ಹೃದಯ ಅರಳಿತು. ಅಲ್ಲಿಂದ ಮುಂದೆ ಹೋದಾಗ ಕಡಲಿಗೆ ಮೊಗವೊಡ್ಡಿ ನಿಂತ ಒಂದು ಕೋಟೆಯ ದೊಡ್ಡ ಚಿತ್ರ ಕಾಣಿಸಿತು. ಅದು ಬೇಕಲ.

ಮಳಿಗೆಯಲ್ಲಿದ್ದ ತರುಣನನ್ನು ಅಲ್ಲಿಗೆ ಹೋಗುವ ಬಗೆ ಹೇಗೆಂದು ಕೇಳಿದೆವು. “ಮಂಗಳೂರಿಗೆ ವಿಮಾನದಲ್ಲಿ ಬನ್ನಿ, ಸರ್. ಅಲ್ಲಿಂದ ಕಾರಿನಲ್ಲಿ ಎರಡು ಗಂಟೆಯೂ ಬೇಡ. ನಡುವೆ ರಾಜ್ಯದ ಗಡಿಯಿದೆ; ನಿಮಗೆ ಗೊತ್ತಾಗುವುದೂ ಇಲ್ಲ,” ಎಂದು ಆತ ವಿನಯದಿಂದ ಹೇಳಿದನು. ಕಣ್ಣೂರಿನ ವಿಮಾನ ನಿಲ್ದಾಣ ಇನ್ನೂ ತೆರೆಯದಿದ್ದ ಕಾಲ ಅದು. ಅದು ತೆರೆದದ್ದು 2018ರ ಡಿಸೆಂಬರಿನಲ್ಲಿ. ಆತನ ಮಾತು ಅಕ್ಷರಶಃ ನಿಜವಾಗಿತ್ತು.

ಬೇಕಲದ ಕೋಟೆಯನ್ನು ಕೆಳದಿಯ ಶಿವಪ್ಪನಾಯಕನು ಸುಮಾರು 1650ರಲ್ಲಿ ಕಟ್ಟಿಸಿದನೆಂಬುದು ಪ್ರಚಲಿತ ಅಭಿಪ್ರಾಯ. ಭೂಕಂದಾಯದ ‘ಸಿಸ್ತಿ’ನಿಂದ ಮನೆಮಾತಾದ ಅದೇ ಶಿವಪ್ಪನಾಯಕ. ಸುಮಾರು 40 ಎಕರೆಯ ಈ ಕೋಟೆ 1763ರಲ್ಲಿ ಹೈದರನ ವಶವಾಯಿತು. ಟಿಪ್ಪುವಿನ ಅನಂತರ ಕಂಪನಿಯ ಕೈಸೇರಿತು. 1801ರ ಆರಂಭದಲ್ಲಿ ಈ ಕರಾವಳಿಯುದ್ದಕ್ಕೂ ಉತ್ತರಾಭಿಮುಖವಾಗಿ ಮಂಗಳೂರಿಗೆ ಸಾಗಿದ ಫ್ರಾನ್ಸಿಸ್ ಬುಕಾನನ್ ನಮ್ಮಂತೆಯೇ ವೈದ್ಯನಾಗಿದ್ದನು, ಎಡಿನ್‌ಬರೊದಲ್ಲಿ ಕಲಿತವನು. ಮೈಸೂರು, ಕೆನರಾ, ಮಲಬಾರುಗಳ ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೆಳೆ, ಬಾಡಿಗೆ, ಕುಲಕಸುಬುಗಳನ್ನು ರೋಗಲಕ್ಷಣ ಬರೆದುಕೊಳ್ಳುವ ತಾಳ್ಮೆಯಿಂದಲೇ ಅವನು ಬರೆದುಕೊಂಡಿದ್ದಾನೆ.

ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಹೋಯಿತು. ನಾವು ರಾಜ್ಯೋತ್ಸವವೆಂದು ದೀಪ ಬೆಳಗುವ ದಿನವೇ ಕಾಸರಗೋಡಿನ ಕನ್ನಡಿಗರು ಮನೆಯಂಗಳದಲ್ಲಿ ನಿಂತು ಮತ್ತೊಂದು ರಾಜ್ಯದ ಪ್ರಜೆಗಳಾದರು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರ್ಕಾರವು ರಾಷ್ಟ್ರಕವಿಯ ಬಿರುದು ನೀಡಿ ಇನ್ನೂ ಏಳು ವರ್ಷ ತುಂಬಿತ್ತಷ್ಟೆ. ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡಿನ ವಿಲೀನೀಕರಣಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿ 2015ರಲ್ಲಿ, ನೂರರ ವಯಸ್ಸಿನಲ್ಲಿ, ತೀರಿಕೊಂಡರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಬೇಕಲವಿರುವುದು ಚಂದ್ರಗಿರಿಯ ದಕ್ಷಿಣದಲ್ಲಿ. ಆಯೋಗದ ಮಾತು ಪೂರ್ಣವಾಗಿ ನಡೆದಿದ್ದರೂ ನಾಯಕನ ಕೋಟೆ ಕೇರಳದಲ್ಲಿಯೇ ಉಳಿಯುತ್ತಿತ್ತು. ಅರಸರ ಗಡಿಯೂ ಭಾಷೆಯ ಗಡಿಯೂ ಎಂದಿಗೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಕೇರಳವು 1989ರಲ್ಲಿ ‘ದೇವರ ಸ್ವಂತ ನಾಡು’ ಎಂಬ ಘೋಷಣೆಯನ್ನು ಕಂಡುಕೊಂಡಿತು. 1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಸಾರಿತು. 1995ರಲ್ಲಿ ಅದರ ಅಭಿವೃದ್ಧಿಗೆಂದೇ ಒಂದು ನಿಗಮ ಹುಟ್ಟಿತು. ಅದೇ ವರ್ಷ ತೆರೆಕಂಡ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಕೋಟೆಯ ಮಳೆಗಾಲವನ್ನು ದೇಶವೇ ನೋಡಿತು. ಇತ್ತ ಕರ್ನಾಟಕವೂ ಸುಮ್ಮನೆ ಕೂರಲಿಲ್ಲ. 2008ರಲ್ಲಿ ಸುವರ್ಣ ರಥ ರೈಲು ಓಡಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದರಲ್ಲಿ ಅಸೂಯೆಗೆ ಕಾರಣವಿಲ್ಲ. ಕೋಟೆಯನ್ನು ಯಾರು ಜತನದಿಂದ ಕಾಪಾಡಿದರೂ ಅದು ಸಂತೋಷವೇ.

ಮೆಕ್ಸಿಕೋದ ನಿದರ್ಶನ

ಗಡಿಯಾಚೆಗೆ ಪ್ರವಾಸಿಯನ್ನು ಕರೆಯುವ ಕಲೆಯಲ್ಲಿ ಜಗತ್ತಿಗೇ ಹೆಸರಾದದ್ದು ಅಮೆರಿಕ–ಮೆಕ್ಸಿಕೋ ಗಡಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧವಿದ್ದಾಗ ಕ್ಯಾಲಿಫೋರ್ನಿಯಾದ ಜನ ಟಿಹ್ವಾನಾಕ್ಕೆ ನುಗ್ಗಿದರು. 1928ರಲ್ಲಿ ಅಲ್ಲಿ ಆಗ್ವಾ ಕಾಲಿಯೆಂತೆ ಎಂಬ ವೈಭವದ ಜೂಜುಗೃಹ ತೆರೆಯಿತು. 1935ರಲ್ಲಿ ಅಧ್ಯಕ್ಷ ಕಾರ್ದೆನಾಸ್ ಜೂಜನ್ನು ನಿಷೇಧಿಸಿದೊಡನೆ ಮುಚ್ಚಿತು. ಇಂದು ಅದೇ ಗಡಿಯನ್ನು ಅಮೆರಿಕನ್ನರು ಹಲ್ಲಿನ ಚಿಕಿತ್ಸೆಗಾಗಿ, ಅಗ್ಗದ ಔಷಧಿಗಾಗಿ, ಶಸ್ತ್ರಕ್ರಿಯೆಗಾಗಿ ದಾಟುತ್ತಾರೆ. ಲೋಸ್ ಆಲ್ಗೊದೋನೆಸ್ ಎಂಬ ಪುಟ್ಟ ಊರಿನ ಬೀದಿಗಳಲ್ಲಿ ದಂತವೈದ್ಯರದೇ ಸಾಲು. ತಮ್ಮ ದೇಶದಲ್ಲಿ ಚಿಕಿತ್ಸೆಯ ವೆಚ್ಚವನ್ನು ಭರಿಸಲಾರದವರು ಪ್ರವಾಸಿಗಳ ವೇಷದಲ್ಲಿ ಹೋಗುವ ರೋಗಿಗಳು. ಆಚೆಗೆ ಹೋಗುವುದು ಸುಲಭ. ಹಿಂದಿರುಗುವಾಗ ಸಾಲು ಉದ್ದ. 2009ರ ಜೂನ್‌ನಿಂದ ಅಮೆರಿಕದ ಪ್ರಜೆಗಳೂ ರಸ್ತೆಯ ಮೂಲಕ ಮನೆಗೆ ಮರಳಲು ರಹದಾರಿ ಪತ್ರ ತೋರಿಸಬೇಕಾಯಿತು. ಮೆಕ್ಸಿಕೋದ ಬಡವನಿಗಂತೂ ಉತ್ತರದ ಬಾಗಿಲು ಬೇರೆಯದೇ ಕಥೆ.

ತಲಪಾಡಿಯಲ್ಲಿಯೂ ಇಂತಹದೇ ದಿನನಿತ್ಯದ ಸಂಚಾರವಿದೆ. ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿಲೋಮೀಟರು, ಕಾಸರಗೋಡಿನಿಂದ ಸುಮಾರು 50. ಅವರ ರಾಜಧಾನಿ ತಿರುವನಂತಪುರ 550 ಕಿಲೋಮೀಟರಿಗೂ ಆಚೆಗಿದೆ. ಫಾದರ್ ಮುಲ್ಲರರು 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಹಂಚಲು ತೊಡಗಿದ ಕಾಲದಲ್ಲಿ ಕಾಸರಗೋಡು ಅದೇ ಜಿಲ್ಲೆಯ ಭಾಗ. ವೆನ್‌ಲಾಕ್ ಆಸ್ಪತ್ರೆ, 1950ರ ದಶಕದಲ್ಲಿ ಬಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಮೇಲೆ ದೇರಳಕಟ್ಟೆಯ ಆಸ್ಪತ್ರೆಗಳು—ಕಾಸರಗೋಡಿನ ಗರ್ಭಿಣಿಯರು, ಹೃದ್ರೋಗಿಗಳು, ಡಯಾಲಿಸಿಸ್‌ನವರು ಇವನ್ನೇ ನಂಬಿ ಬಂದರು. ಗೋಡಂಬಿ ತೋಟಗಳಿಗೆ 2000ದವರೆಗೆ ಎರಡು ದಶಕ ಕಾಲ ಎಂಡೋಸಲ್ಫಾನ್ ಎರಚಿದ ಗ್ರಾಮಗಳ ಮಕ್ಕಳನ್ನು ಹೊತ್ತು ತಂದ ತಾಯಂದಿರೂ ಈ ದಾರಿಯಲ್ಲಿಯೇ ಬಂದವರು. 1956ರ ಗೆರೆಯು ಆಡಳಿತವನ್ನು ಬೇರ್ಪಡಿಸಿತು. ರೋಗಿಯ ಹಾದಿಯನ್ನು ಬದಲಿಸಲಿಲ್ಲ.

2020ರ ಆ ದಿನಗಳು

2020ರ ಮಾರ್ಚ್ ಕೊನೆಯಲ್ಲಿ ಆ ಹಾದಿ ಮುಚ್ಚಿತು. ಕಾಸರಗೋಡಿನಲ್ಲಿ ಕೋವಿಡ್ ಸೋಂಕಿತರ ಸಂಖ್ಯೆ ಏರುತ್ತಿದ್ದುದರಿಂದ ಕರ್ನಾಟಕ ಸರ್ಕಾರವು ಗಡಿಯನ್ನು ಬಂದ್ ಮಾಡಿತು. ತಲಪಾಡಿಯಲ್ಲಿ ಪೊಲೀಸರು ನಿಂತರು. ಒಳರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿದ್ದಿತು. ಆಂಬುಲೆನ್ಸುಗಳು ಹಿಂದಿರುಗಿದವು. ಮಂಗಳೂರಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹಲವರು ಚಿಕಿತ್ಸೆ ದೊರೆಯದೆ ತೀರಿಕೊಂಡರೆಂದು ಪತ್ರಿಕೆಗಳು ದಿನವೂ ಬರೆದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಸಂವಿಧಾನದ 19 ಹಾಗೂ 21ನೆಯ ವಿಧಿಗಳನ್ನು, ಎಂದರೆ ಸಂಚಾರದ ಮತ್ತು ಜೀವದ ಹಕ್ಕುಗಳನ್ನು, ಎತ್ತಿಹಿಡಿದು ತಡೆಯನ್ನು ತೆರವುಗೊಳಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ 7ರಂದು, ತುರ್ತು ಚಿಕಿತ್ಸೆಯ ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯಗಳು ನಿಯಮಗಳಿಗೆ ಒಪ್ಪಿವೆಯೆಂದು ತಿಳಿಸಲಾಗಿ ಪ್ರಕರಣ ಮುಗಿಯಿತು. 2013ರಲ್ಲಿ ಶಂಕುಸ್ಥಾಪನೆಯಾಗಿದ್ದ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲ್‌ನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಯಿತು.

ವೈದ್ಯರಾಗಿ ನಾವು ಗಡಿ ಮುಚ್ಚಿದವರ ಭಯವನ್ನು ಅಲ್ಲಗಳೆಯಲಾರೆವು. ಸೋಂಕು ತಡೆಯಲು ಸಂಚಾರ ತಡೆಯುವುದು ಹಳೆಯ ವಿದ್ಯೆ. ನಮ್ಮ ಮುತ್ತಜ್ಜಂದಿರ ಕಾಲದ ಪ್ಲೇಗಿನಲ್ಲಿ ಮದರಾಸು ಪ್ರಾಂತ್ಯದಲ್ಲಿ ಪ್ಲೇಗ್ ರಹದಾರಿಗಳಿದ್ದವು. ಸೋಂಕಿನ ಊರಿನಿಂದ ಬಂದವನು ದಿನಗಟ್ಟಲೆ ಅಧಿಕಾರಿಗಳೆದುರು ಹಾಜರಾಗಬೇಕಿತ್ತು. ಈ ದೇಶದಲ್ಲಿಯೇ ಡರ್ಬಿಷೈರಿನ ಈಯಂ ಗ್ರಾಮದವರು 1665–66ರ ಪ್ಲೇಗಿನಲ್ಲಿ ತಾವಾಗಿಯೇ ಊರ ಗಡಿಯನ್ನು ಮುಚ್ಚಿಕೊಂಡರು. ಆದರೆ ಗಮನಿಸಿ: ನೆರೆಯ ಊರಿನವರು ಗಡಿಕಲ್ಲಿನ ಬಳಿಗೆ ಆಹಾರ ತಂದಿಡುತ್ತಿದ್ದರು, ಗ್ರಾಮದವರು ಕಲ್ಲಿನ ಕುಳಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಇರಿಸುತ್ತಿದ್ದರು. ಆ ಕಲ್ಲಿನಲ್ಲಿ ಸೋಂಕು ನಿಂತಿತು, ಅನ್ನ ದಾಟಿತು. ತಲಪಾಡಿಯಲ್ಲಿ ಏಪ್ರಿಲ್ 7ರ ನಂತರ ಆದದ್ದು ಮಾರ್ಚ್ 24ರಂದೇ ಆಗಬಹುದಿತ್ತು. ಗಡಿಯಲ್ಲಿ ಒಬ್ಬ ವೈದ್ಯ, ಒಂದು ಪರೀಕ್ಷಾ ಮೇಜು, ಒಂದು ಬೇರೆಯ ಆಂಬುಲೆನ್ಸು—ಇಷ್ಟಕ್ಕೆ ಹದಿನೈದು ದಿನ ಬೇಕಾಯಿತು. ಮೂತ್ರಪಿಂಡ ಕೆಟ್ಟವನಿಗೆ ಹದಿನೈದು ದಿನವೆಂದರೆ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಗಡಿಯಲ್ಲಿ ವೈದ್ಯನಿದ್ದರೆ ಸಾಲದು. ಅವನು ಯಾರ ಪರವಾಗಿ ನಿಂತಿದ್ದಾನೆಂಬುದೂ ಮುಖ್ಯ. 1979ರ ಜನವರಿಯಲ್ಲಿ, ಇಲ್ಲಿಂದ ಕೂಗಳತೆಯ ಹೀಥ್ರೂವಿನಲ್ಲಿ, ಮದುವೆಯಾಗಲು ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಸರ್ಕಾರ ಆ ಪದ್ಧತಿಯನ್ನು ನಿಲ್ಲಿಸಿತು. ವೈದ್ಯವಿದ್ಯೆ ಗಡಿಯ ಸೇವಕಿಯಾದರೆ ಎಷ್ಟು ಕೀಳಿಗೆ ಇಳಿಯಬಲ್ಲದೆಂಬುದಕ್ಕೆ ಅದು ಸಾಕ್ಷಿ. ನಮ್ಮ ಸಹೋದರಿಯರು ಇದೇ ನೆಲದಲ್ಲಿ ಅನುಭವಿಸಿದ್ದನ್ನು ಬಲ್ಲ ನಾವು, ತಲಪಾಡಿಯ ವಿಷಯದಲ್ಲಿ ‘ಅದು ಎರಡು ರಾಜ್ಯಗಳ ಜಗಳ’ ಎಂದು ಸುಮ್ಮನಿರುವುದು ತರವಲ್ಲ.

ಬಂಧುಗಳೆ, ಕಾಸರಗೋಡು ನಮ್ಮದೆಂದು ಸಭೆಗಳಲ್ಲಿ ನಾವು ಘೋಷಿಸುತ್ತ ಬಂದಿದ್ದೇವೆ. ಆ ಮಾತಿಗೆ ಬೆಲೆ ಬರಬೇಕಾದರೆ ಅಲ್ಲಿಯ ರೋಗಿಯೂ ನಮ್ಮವನಾಗಬೇಕು. ಅವನ ಮನೆಮಾತು ಕನ್ನಡವಿರಲಿ, ತುಳುವಿರಲಿ, ಮಲೆಯಾಳವಿರಲಿ, ಬ್ಯಾರಿಯಿರಲಿ. ಭೂಮಿಯ ಹಕ್ಕನ್ನು ನ್ಯಾಯಾಲಯಗಳೂ ಆಯೋಗಗಳೂ ವಿಚಾರಿಸಲಿ. ರೋಗಿಯ ದಾರಿಯನ್ನು ಯಾವ ಸಂಕಟದಲ್ಲಿಯೂ ಮುಚ್ಚುವುದಿಲ್ಲವೆಂದು ಎರಡೂ ಸರ್ಕಾರಗಳು ಮೊದಲೇ ಬರೆದಿಟ್ಟುಕೊಳ್ಳುವುದು ಸಾಧ್ಯ. ಅದಕ್ಕಾಗಿ ಮನವಿ ಸಲ್ಲಿಸುವುದು ಪರದೇಶದ ಕನ್ನಡ ಸಂಘಗಳಿಗೂ ಶೋಭಿಸುವ ಕೆಲಸ.

ಮುಂದಿನ ರಜೆಯಲ್ಲಿ ಊರಿಗೆ ಹೋಗುವವರಿಗೆ ಒಂದು ಸೂಚನೆ. ಮಕ್ಕಳನ್ನು ಹಂಪೆಗೂ ಮೈಸೂರಿಗೂ ಅಗತ್ಯವಾಗಿ ಕರೆದೊಯ್ಯಿರಿ. ಜೊತೆಗೆ ಮಂಗಳೂರಿನಿಂದ ದಕ್ಷಿಣಕ್ಕೆ ಒಂದು ದಿನ ಹೊರಡಿರಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಆಗಿ ನಿಂತಿದೆ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯನ್ನು ನೋಡಿರಿ. ಮಧೂರಿನ ಗಣಪತಿಗೆ ಕೈಮುಗಿಯಿರಿ. 1973ರಲ್ಲಿ ಸಂವಿಧಾನದ ಮೂಲರಚನೆಯನ್ನು ಎತ್ತಿಹಿಡಿದ ಮಹಾತೀರ್ಪಿಗೆ ಹೆಸರು ಕೊಟ್ಟ ಕೇಶವಾನಂದ ಭಾರತಿ ಸ್ವಾಮಿಗಳ ಎಡನೀರು ಮಠವೂ ಅಲ್ಲಿಯೇ ಸಮೀಪ. ಸಂಜೆಯ ಹೊತ್ತಿಗೆ ಚಂದ್ರಗಿರಿಯನ್ನು ದಾಟಿ ಬೇಕಲದ ಕೋಟೆಯ ಮೇಲೆ ನಿಂತು ಕಡಲನ್ನು ನೋಡಿರಿ. ದಾರಿಯಲ್ಲಿ ತಲಪಾಡಿ ಬಂದಾಗ ಕಾರಿನ ವೇಗ ತಗ್ಗಿಸಿ, 2020ರಲ್ಲಿ ಅಲ್ಲಿ ನಡೆದದ್ದನ್ನು ಮಕ್ಕಳಿಗೆ ಹೇಳಿರಿ. ಆ ವಯಸ್ಸಿಗೆ ಅರ್ಥವಾಗುವ ವಿಷಯವೇ ಅದು.